ಕೆಂಪಾಜಿ ಮುಖದ ಡಾಲರು

ನಮ್ಮೂರಲ್ಲಿ ರೂಪಾಯಿ ನಡೆಯುವುದಿಲ್ಲ, ಡಾಲರು ನಡೆಯುತ್ತದೆ. ಯಾಕೆ ಅಂತ ನನ್ನನ್ನು ಕೇಳಬೇಡಿ. ನಾನು ಎರಡನೇ ಕ್ಲಾಸಿನಲ್ಲಿ ಮೇಷ್ಟರ ಛತ್ರಿ ಮುರಿದು ಮನೆಗೆ ಓಡಿ ಬಂದವಳು, ಆಮೇಲೆ ಆ ದಿಕ್ಕಿಗೆ ತಲೆ ಹಾಕಿ ಮಲಗಿಲ್ಲ. ಊರ ಹೊರಗಿನ ಗುಡ್ಡದ ಮೇಲೆ ನಾಣ್ಯ ಅಚ್ಚು ಹಾಕುವ ಟಂಕಸಾಲೆ ಇದೆ. ವರ್ಷಕ್ಕೊಂದು ಸಲ ಅಲ್ಲಿಂದ ಹೊಸ ಡಾಲರು ಇಳಿದು ಬರುತ್ತದೆ. ಮದುವೆ ಹೆಣ್ಣಿನ ಹಾಗೆ ಹಳದಿ ಬಣ್ಣ, ನುಣ್ಣನೆಯ ಅಂಚು, ಆ ಅಂಚಿನ ಸುತ್ತ ಇರುವೆ ಸಾಲಿನಂತೆ ಸಣ್ಣ ಅಕ್ಷರ. ಒಂದು ಮಗ್ಗುಲಲ್ಲಿ ನಮ್ಮೂರವರದೇ ಯಾರದಾದರೂ ಮುಖ, ಇನ್ನೊಂದು ಮಗ್ಗುಲಲ್ಲಿ ಅವರ ಕಸುಬು. ನಾಣ್ಯ ಕೈಯಿಂದ ಕೈಗೆ ಹೋಗಿ ಸವೆದ ಹಾಗೆಲ್ಲ ಆ ಮನುಷ್ಯರ ಮುಖವೂ ಸವೆಯುತ್ತದೆ. ಅಷ್ಟೇ.

ಅದಕ್ಕೇ ನಾವು ಯಾರೂ ಡಾಲರಿನ ಮುಖ ಮುಟ್ಟುವುದಿಲ್ಲ. ಎರಡು ಬೆರಳಲ್ಲಿ ಅಂಚು ಹಿಡಿದು, ಎಣ್ಣೆಯಿಂದ ಆಗಷ್ಟೇ ತೆಗೆದ ವಡೆ ಎತ್ತುವ ಹಾಗೆ ಎತ್ತಬೇಕು. ಅಂಗಡಿಗಳಲ್ಲಿ ಗಲ್ಲಾದ ಪಕ್ಕ ಹತ್ತಿ ಹಾಸಿದ ತಟ್ಟೆ ಇರುತ್ತದೆ, ಕೊಡುವವರು ಅದರ ಮೇಲೆ ಇಡಬೇಕು, ತೆಗೆದುಕೊಳ್ಳುವವರು ಅದರ ಮೇಲಿಂದಲೇ ಎತ್ತಬೇಕು. ನಮ್ಮ ಎಲೆಅಡಿಕೆ ಚೀಲಗಳಲ್ಲಿ ಡಾಲರಿಗೆಂದೇ ಬೇರೆ ಅರೆ, ಅದಕ್ಕೆ ಹಳೇ ರೇಷ್ಮೆ ಸೀರೆಯ ಒಳಪದರ. ಹೀಗಾಗಿ ಎಲ್ಲರಿಗೂ ಯಾರ ಮುಖವೂ ಇಲ್ಲದ ಕಾಗದದ ನೋಟೇ ಇಷ್ಟ. ಎಂಥ ನೋಟು ಅಂತೀರಿ, ಮೈತುಂಬ ತೇಪೆ, ಮೀನಿನ ವಾಸನೆ, ಎಣ್ಣೆ ಹಿಡಿದು ಹಿಡಿದು ಆಚೆ ಬದಿ ನಿಂತವರ ಹಲ್ಲು ಕಾಣಿಸುವಷ್ಟು ತೆಳು. ಆದರೂ ನೋಟು ಕೊಟ್ಟರೆ ನಗುತ್ತಾರೆ, ಡಾಲರು ಕೊಟ್ಟರೆ ಬೆವರುತ್ತಾರೆ. ಆದರೆ ಬಸ್ಸಿನಲ್ಲಿ, ಹಾಲಿನ ಬೂತಿನಲ್ಲಿ ಹತ್ತಿ ತಟ್ಟೆ ಹುಡುಕುತ್ತಾ ಕೂರಲು ಯಾರಿಗೆ ಪುರುಸೊತ್ತು? ಮುಖಗಳು ಸವೆಯುವುದು ಅಲ್ಲೇ.

ಪೈಲ್ವಾನ್ ಲಿಂಗಾಜಿಯ ಡಾಲರು ಬಂದ ವರ್ಷವೇ ಬಸ್ಸಿನ ಟಿಕೆಟು ಸರಿಯಾಗಿ ಒಂದು ಡಾಲರು ಆಯಿತು. ಮೊದಲು ಅವನ ಮೀಸೆ ಹೋಯಿತು. ಎಂಥ ಮೀಸೆ, ಒಂದೊಂದು ತುದಿಗೆ ಒಂದೊಂದು ಕುರಿಮರಿ ಕಟ್ಟಬಹುದಿತ್ತು. ಆಮೇಲೆ ಹುಬ್ಬು, ಮೂಗು, ಕಿವಿ. ಕೊನೆಗೆ ಮುಖ ತೊಳೆದು ಬೋರಲು ಹಾಕಿದ ತಟ್ಟೆಯಂತಾಯಿತು. ಮಾತಾಡುತ್ತಿದ್ದ, ಮಾತು ಎಲ್ಲಿಂದ ಬರುತ್ತಿದೆ ಎಂದು ತಿಳಿಯುತ್ತಿರಲಿಲ್ಲ. ಅವನ ಹೆಂಡತಿ ಅವನನ್ನು ಕೆಮ್ಮಿನಿಂದ ಗುರುತು ಹಿಡಿಯುತ್ತಿದ್ದಳು. ಒಂದು ದಿನ ಸಂತೆಯಲ್ಲಿ ಅವನಿಗೆ ಕೆಮ್ಮು ಬರಲಿಲ್ಲ. ಅವಳು ಒಬ್ಬಳೇ ಮನೆಗೆ ಬಂದಳು.

ಇಂಥ ಊರಿನಲ್ಲಿ ನನ್ನ ಸೊಸೆ ಕೆಂಪಾಜಿ ಕುಕ್ಕರ್ ರಿಪೇರಿ ಮಾಡಿಕೊಂಡಿದ್ದಳು. ಹೆಗಲಿಗೆ ಚೀಲ, ಚೀಲದಲ್ಲಿ ರಬ್ಬರು, ವಾಲ್ವು, ಹಿಡಿ, ತಿರುಪು ಮೊಳೆ. ಅವಳು ಬೀದಿಯ ಆ ತುದಿಯಲ್ಲಿ "ಕುಕ್ಕರ್ ರಿಪೇರಿ" ಎಂದು ಕೂಗಿದರೆ ಈ ತುದಿಯಲ್ಲಿ ಒಲೆಯ ಮೇಲಿನ ಕುಕ್ಕರುಗಳು ಹೆದರಿ ತಾವೇ ಸೀಟಿ ಹೊಡೆಯುತ್ತಿದ್ದವು. ಸುಳ್ಳಲ್ಲ, ನಮ್ಮ ಮನೆಯದು ಹೊಡೆದಿದೆ. ಯಾರ ಮನೆಯ ಬೇಳೆ ಬೇಯುವುದಿಲ್ಲ, ಯಾರ ಮನೆಯಲ್ಲಿ ಗಂಡ ಹೆಂಡಿರಿಗೆ ಮಾತಿಲ್ಲ, ಎಲ್ಲವೂ ಅವಳಿಗೆ ಗೊತ್ತು. ಸಂಜೆ ಮನೆಗೆ ಬಂದು ಊರನ್ನೆಲ್ಲ ನನ್ನ ಮಡಿಲಿಗೆ ಸುರಿಯುತ್ತಿದ್ದಳು. ಗಂಡ ಸತ್ತ ಮುದುಕಿಗೆ ಇನ್ನೇನು ಬೇಕು. ನನ್ನ ಮಗ ತೋಪಯ್ಯ ಟೆಂಟ್ ಹೌಸಿನಲ್ಲಿ ಶಾಮಿಯಾನ ಕಟ್ಟುವವನು, ಬಾಯಲ್ಲಿ ಯಾವಾಗಲೂ ಹಗ್ಗದ ತುದಿ ಕಚ್ಚಿಕೊಂಡಿರುವುದರಿಂದ ಮಾತು ಕಡಿಮೆ.

ಆ ವರ್ಷ ಟಂಕಸಾಲೆಯ ಜವಾನ ನಮ್ಮ ಬೀದಿಗೆ ಬಂದ. ಅವನ ಕೈಯಲ್ಲಿ ಕುಂಕುಮದ ಭರಣಿಯಷ್ಟು ಸಣ್ಣ ಪೆಟ್ಟಿಗೆ ಇತ್ತು. ಬೀದಿಯ ಬಾಗಿಲುಗಳೆಲ್ಲ ಒಂದರ ಹಿಂದೊಂದು ಮುಚ್ಚಿಕೊಂಡವು. ನಾನು ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಾ ಕೂತಿದ್ದೆ, ಏಳುವಷ್ಟರಲ್ಲಿ ಅವನು ಮೆಟ್ಟಿಲ ಹತ್ತಿರ ಬಂದಾಗಿತ್ತು.

"ಸಾಕಮ್ಮಾರೆ, ನಿಮ್ಮನೆಗೇ ಬಂದಿರೋದು" ಅಂದ.

"ಯಾರ್ದಪ್ಪ ಮೊಕ? ನಂದೇನಾದ್ರೂ ಆಗಿದ್ರೆ ವಾಪಸ್ ತಗೊಂಡೋಗು. ಇದ್ರಾಗೆ ಸವೆಯೋಕೆ ಇನ್ನೇನೂ ಉಳ್ದಿಲ್ಲ."

ಜವಾನ ನಗಲಿಲ್ಲ. ಪೆಟ್ಟಿಗೆಯನ್ನು ಮೊರದ ಪಕ್ಕ ಇಟ್ಟು, ಚಪ್ಪಲಿ ಸದ್ದು ಕೂಡ ಮಾಡದೆ ಹೋಗಿಬಿಟ್ಟ. ಒಳಗಿಂದ ಕೆಂಪಾಜಿ ಬಂದು ಪೆಟ್ಟಿಗೆ ತೆರೆದಳು. ಹಳದಿ ಡಾಲರಿನ ಮೇಲೆ ಅವಳೇ ಇದ್ದಳು. ತಲೆಗೆ ಸುತ್ತಿದ ಟವೆಲ್ಲು, ಅಗಲ ಮೂಗು, ಗದ್ದದ ಮೇಲಿನ ಮಚ್ಚೆ ಕೂಡ. ತಿರುಗಿಸಿದರೆ ಆವಿ ಬಿಡುತ್ತಿರುವ ಕುಕ್ಕರು.

"ಅತ್ತೆ, ನನ್ನ ಮೂಗು ಹಿಂಗೈತಾ?" ಅಂದಳು.

"ಇನ್ನೂ ದಪ್ಪ ಐತೆ. ಅಚ್ಚು ಕೊರ್ದವ್ನು ಕರುಣೆ ತೋರ್ಸವ್ನೆ."

ಅವಳು ನಕ್ಕಳು. ನಾನೂ ನಕ್ಕೆ. ನನ್ನ ಕೈಯಲ್ಲಿದ್ದ ಅವರೆಕಾಳು ಒಂದೊಂದೇ ಜಾರಿ ಮೆಟ್ಟಿಲ ಮೇಲೆ ಬೀಳುತ್ತಿದ್ದವು, ನನಗೆ ಗೊತ್ತಾಗಲಿಲ್ಲ. ಸಂಜೆ ತೋಪಯ್ಯ ಬಂದು ನೋಡಿದ, ಹಗ್ಗದ ಸುರುಳಿ ಹೆಗಲಿಂದ ಇಳಿಸದೆ ಹಾಗೇ ಗೋಡೆಗೆ ಒರಗಿ ಕುಸಿದ.

ಹೊಸ ಡಾಲರು ಬಸ್ಸಿಗೆ, ಬೂತಿಗೆ ಇಳಿಯಿತು. ಒಂದು ಬೆಳಗ್ಗೆ ಕೆಂಪಾಜಿ ತಲೆ ಬಾಚಿಕೊಳ್ಳುತ್ತಾ ನನ್ನ ಎದುರು ಕೂತಿದ್ದಳು. ಅವಳ ಮಚ್ಚೆಯನ್ನು ಅವಳು ಮದುವೆಯಾಗಿ ಬಂದ ದಿನದಿಂದ ನಾನು ಎಳ್ಳುಂಡೆ ಎಂದು ಛೇಡಿಸುತ್ತಿದ್ದೆ. ಛೇಡಿಸಲು ಬಾಯಿ ತೆರೆದೆ. ಎಳ್ಳುಂಡೆ ಇರಲಿಲ್ಲ. ಅದಿದ್ದ ಜಾಗ ಮಗುವಿನ ಮೊಣಕಾಲಿನಷ್ಟು ನುಣ್ಣಗಿತ್ತು. ಅವಳು ನನ್ನ ಕಣ್ಣು ನೋಡಿ ಗದ್ದ ಮುಟ್ಟಿ ನೋಡಿಕೊಂಡಳು, ಬಾಚಣಿಗೆಯನ್ನು ತಲೆಯಲ್ಲೇ ಬಿಟ್ಟು ಒಳಗೆ ಹೋದಳು. ಅವತ್ತು ನಮ್ಮ ಮನೆಯ ಕನ್ನಡಿಯನ್ನು ತೋಪಯ್ಯ ಗೋಡೆಯ ಕಡೆಗೆ ತಿರುಗಿಸಿದ.

ಮಾತೇ ಆಡದ ನನ್ನ ಮಗ ಅವತ್ತು ಊಟದ ತಟ್ಟೆಯ ಮುಂದೆ ಕೂತು ಮಾತಾಡಿದ. "ಅವ್ವ, ಕೈಗೆ ಸಿಕ್ರಲ್ವ ನಾಣ್ಯ ಸವೆಯೋದು? ಯಾರ್ ಕೈಗೂ ಸಿಗದಂಗೆ ಮಾಡ್ಬುಟ್ರೆ?"

"ಊರ್ ತುಂಬ ಹರಡೈತಲ್ಲೋ."

"ಊರ್ ತುಂಬ ಹರಡಿರೋ ಶಾಮಿಯಾನ ಸಾಯಂಕಾಲಕ್ಕೆ ಮಡಿಚಿ ತರ್ತೀನಲ್ಲ ನಾನು. ಇದೂ ಹಂಗೇಯ."

ಹಾಗೇ ಮಾಡಿದ. ಬಸ್ ನಿಲ್ದಾಣದಲ್ಲಿ, ಬೂತಿನ ಮುಂದೆ ನಿಂತು, ನೋಟು ಕೊಟ್ಟು ಹೆಂಡತಿಯನ್ನು ಈಸಿಕೊಂಡು ಬಂದ. ನಾನು ಬಿಡುತ್ತೇನೆಯೆ, ಮನೆ ಮನೆ ಸುತ್ತಿದೆ. ಜನ ತಾವಾಗಿಯೇ ತಂದುಕೊಟ್ಟರು, ಅರಿಶಿನದ ಬಟ್ಟೆಯಲ್ಲಿ ಸುತ್ತಿ, ಕೂಸಿನ ತಲೆ ಹಿಡಿದ ಹಾಗೆ ಹಿಡಿದು. ಮುಂದಿನ ವರ್ಷ ಆ ಪೆಟ್ಟಿಗೆ ಯಾರ ಮೆಟ್ಟಿಲಿಗೆ ಬರುತ್ತದೋ, ಎಲ್ಲರಿಗೂ ಒಳಗೊಳಗೇ ಅದೇ ನಡುಕ. ಸಿಕ್ಕಿದ ಡಾಲರನ್ನೆಲ್ಲ ಉಪ್ಪಿನಕಾಯಿ ಜಾಡಿಗಳಿಗೆ ತುಂಬಿ, ಭತ್ತದ ಹೊಟ್ಟು ಸುರಿದು, ಬಾಯಿಗೆ ಬಟ್ಟೆ ಕಟ್ಟಿ ಅಟ್ಟದ ಮೇಲೆ ಇಟ್ಟೆವು. ಅಟ್ಟ ಬಸುರಿಯ ಹಾಗೆ ಕೆಳಗೆ ಜೋತುಬಿತ್ತು. ಕೆಂಪಾಜಿಯ ಮುಖ ನಿಂತಿತು. ಮೂಗು ಮೂಗಾಗಿಯೇ ಇತ್ತು, ಹುಬ್ಬು ಹುಬ್ಬಾಗಿಯೇ ಇತ್ತು. ನಾನು ಜಗಲಿಯ ಮೇಲೆ ಕೂತು ಗುಡ್ಡದ ಟಂಕಸಾಲೆಗೆ ಕೇಳಿಸುವಂತೆ ಎಲೆಅಡಿಕೆ ಉಗಿದೆ.

ಮೊದಲು ಅವಳು ಮನೆಗೆ ಬೇಗ ಬರತೊಡಗಿದಳು. ಒಳ್ಳೆಯದೇ ಆಯಿತು ಅಂದುಕೊಂಡೆ. ಆಮೇಲೆ ಊರಿನ ಸುದ್ದಿ ತರುವುದು ನಿಂತಿತು. ಕೇಳಿದರೆ "ಏನೂ ಇಲ್ಲ ಅತ್ತೆ" ಅನ್ನುತ್ತಿದ್ದಳು. ನಮ್ಮೂರಲ್ಲಿ ಏನೂ ಇಲ್ಲದ ದಿನ ಎಂದಾದರೂ ಉಂಟೆ? ಒಂದು ದಿನ ಚೀಲ ಹೆಗಲಿಗೆ ಹಾಕಿಕೊಂಡು ಹೊಸಲಿನ ತನಕ ಹೋದಳು, ಒಂದು ಕಾಲು ಎತ್ತಿದಳು, ಎತ್ತಿದ ಕಾಲನ್ನು ನೋಡಿದಳು, ಹಿಂದಕ್ಕೆ ಇಟ್ಟಳು. ಮಾರನೆಯ ದಿನವೂ ಹಾಗೇ. ಮೂಲೆಯಲ್ಲಿ, ಅಟ್ಟದ ಕೆಳಗೆ ಕೂರತೊಡಗಿದಳು. ಅನ್ನ ಕಲಸಿ ತುತ್ತು ಮಾಡಿ ಕೈಗೆ ಕೊಟ್ಟರೆ, ಆ ತುತ್ತು ಸಂಜೆಯ ತನಕ ಅವಳ ಕೈಯಲ್ಲೇ ಒಣಗುತ್ತಿತ್ತು.

"ಮೊಕ ನೋಡವ್ವ ಎಷ್ಟು ಚೆನ್ನಾಗೈತೆ" ಅಂದ ತೋಪಯ್ಯ. "ಒಂದು ಗೀರೂ ಇಲ್ಲ."

ಚೆನ್ನಾಗೇ ಇತ್ತು. ಅದೇ ನನಗೆ ಭಯ. ಬಿಸಿಲುಕೋಲು ಬಿದ್ದಾಗ ಅವಳ ಕೆನ್ನೆ ಮಿಂಚುತ್ತಿತ್ತು. ಮುಟ್ಟಿದೆ. ಬೇಸಿಗೆಯ ಮಟಮಟ ಮಧ್ಯಾಹ್ನ, ಕೆನ್ನೆ ಬಾವಿಯೊಳಗಿನ ಕೊಡದಷ್ಟು ತಣ್ಣಗಿತ್ತು. ಬೆರಳ ಉಗುರು ತಾಗಿ ಟಣ್ ಎಂದು ಸದ್ದು ಬಂತು. ಬೀದಿಯಲ್ಲಿ ಕುಕ್ಕರು ಕೆಟ್ಟವರು ಬಂದು ಬಾಗಿಲಲ್ಲಿ ನಿಂತು ಕರೆದು, ಇವಳ ನೋಟ ಕಂಡು ವಾಪಸು ಹೋಗುತ್ತಿದ್ದರು.

ಊರಿನಲ್ಲಿ ಮುಖ ಸವೆಯದೆ ಉಳಿದ ಡಾಲರು ಹಿಂದೆ ಒಂದೇ ಒಂದು, ಕಮಲಾಬಾಯಿ ಟೀಚರದು. ಆ ವರ್ಷ ಟಂಕಸಾಲೆಯವರು ಡಾಲರನ್ನು ಬಿಳಿಯಾಗಿ, ಹೆಚ್ಚುಕಡಿಮೆ ಕಾಲು ಡಾಲರಿನ ಚಿಲ್ಲರೆ ನಾಣ್ಯದ ಗಾತ್ರಕ್ಕೇ ಹೊಡೆದಿದ್ದರು. ಕಾಲು ಎಂದುಕೊಂಡು ಇಡೀ ಡಾಲರು ಕೊಟ್ಟು ಮೋಸಹೋದವರೆಲ್ಲ ಶಾಪ ಹಾಕಿದರು. ಯಾರೂ ಮುಟ್ಟದೆ ಹೋದಾಗ ಟಂಕಸಾಲೆಯವರು ಅಷ್ಟನ್ನೂ ವಾಪಸು ತೆಗೆದುಕೊಂಡು ಬೊಕ್ಕಸದಲ್ಲಿಟ್ಟು ಬೀಗ ಹಾಕಿದರು. ಟೀಚರು ಅದೃಷ್ಟವಂತೆ ಎಂದು ಊರೆಲ್ಲ ಹೊಟ್ಟೆ ಉರಿದುಕೊಂಡಿತ್ತು. ಆಮೇಲೆ ಅವರನ್ನು ಯಾರೂ ನೋಡಿರಲಿಲ್ಲ, ನೆಂಟರ ಊರಿಗೆ ಹೋದರು ಅಂತ ಸುದ್ದಿ. ಅವರ ತಂಗಿ ಶಾಂತಾಬಾಯಿ ಮಾತ್ರ ಆ ಮನೆಯಲ್ಲಿದ್ದರು. ಟೀಚರು ಹೇಗಿದ್ದಾರೆ ಎಂದು ಕೇಳಿಯೇಬಿಡೋಣವೆಂದು ಹೋಗಿ ಬಾಗಿಲು ತಟ್ಟಿದೆ.

ಶಾಂತಾಬಾಯಿ ಬಾಗಿಲು ಒಂದು ಗೇಣು ತೆರೆದರು. ಎರಡೂ ಕೈಗೆ ವಿಭೂತಿ ಮೆತ್ತಿತ್ತು.

"ನನ್ನ ಸೊಸೆ ಕೆನ್ನೆ ತಣ್ಣಗಾಗೈತ್ರವ್ವ" ಅಂದೆ. ಬೇರೇನೂ ಹೇಳಬೇಕಾಗಲಿಲ್ಲ. ಅವರು ಬಾಗಿಲು ಪೂರ್ತಿ ತೆರೆದರು.

ನಡುಮನೆಯ ಕುರ್ಚಿಯಲ್ಲಿ ಟೀಚರು ಕೂತಿದ್ದರು. ಬೆನ್ನು ನೆಟ್ಟಗೆ, ಕೈಬೆರಳಿನ ನಡುವೆ ಸೀಮೆಸುಣ್ಣ. ಮುಖ, ಕತ್ತು, ಕೈ ಎಲ್ಲ ಬೆಳ್ಳಿಯ ದೀಪದ ಕಂಬದ ಹಾಗೆ ಥಳಥಳ. ಶಾಂತಾಬಾಯಿ ಬಟ್ಟೆಯಲ್ಲಿ ವಿಭೂತಿ ಅದ್ದಿ ಅವರ ಹಣೆ ಉಜ್ಜುವ ಕೆಲಸ ಮುಂದುವರಿಸಿದರು.

"ದಿನಾ ಉಜ್ಜದಿದ್ರೆ ಕಪ್ಪು ಹತ್ತತ್ತೆ" ಅಂದರು. "ಮೊದಲು ಹೊಸಲು ದಾಟೋದು ಬಿಟ್ಟಳು. ನಾವು ಸುಸ್ತು ಅಂದ್ಕೊಂಡ್ವಿ. ಆಮೇಲೆ ಊಟ. ಆಮೇಲೆ ಮಾತು."

"ಆ ನಾಣ್ಯ ಹೊರಗೆ ತರಕ್ಕಾಗ್ಲಿಲ್ವೇನ್ರವ್ವ?"

"ಕೇಳಕ್ಕೆ ಹೋಗಿದ್ದೆ. ಜನ ಬೇಡ ಅಂದಿದ್ದು ಮತ್ತೆ ಚಲಾವಣೆಗೆ ಬರಲ್ಲ ಅಂದ್ರು."

ನಾನು ಟೀಚರ ಎದುರು ಬಗ್ಗಿ ನೋಡಿದೆ. ಬೆಳ್ಳಿ ರೆಪ್ಪೆಗಳ ನಡುವೆ ಕಣ್ಣಿನ ಪಾಪೆ ನನ್ನ ಕಡೆ ಸ್ವಲ್ಪವೇ ಸರಿಯಿತು. ನಾನು ಹಿಂದಕ್ಕೆ ಹಾರಿದ್ದಕ್ಕೆ ಗೋಡೆಯ ಕ್ಯಾಲೆಂಡರು ಬಿತ್ತು.

"ಇವ್ರಿಗೆ ಕೇಳುಸ್ತದಾ?"

"ಕೇಳಿಸತ್ತೆ" ಅಂದರು ಶಾಂತಾಬಾಯಿ. "ಅದೇ ಕಷ್ಟ."

ನಾನು ಮನೆಗೆ ಓಡಿದೆ. ಈ ವಯಸ್ಸಿನಲ್ಲಿ ಓಡಿದೆನೆಂದರೆ ನಂಬಲಾರಿರಿ, ದಾರಿಯಲ್ಲಿ ಒಂದು ಸೈಕಲ್ಲನ್ನು ಹಿಂದೆ ಹಾಕಿದೆ. ತೋಪಯ್ಯ ಊಟಕ್ಕೆ ಬಂದಿದ್ದ. ಕಂಡದ್ದೆಲ್ಲ ಹೇಳಿ, ಜಾಡಿ ಇಳಿಸು ಅಂದೆ. ಅವನು ಏಣಿಯ ಬುಡದಲ್ಲಿ ಅಡ್ಡ ಕೂತುಬಿಟ್ಟ.

"ಖರ್ಚು ಮಾಡ್ಬೇಕಾ ಅವಳ್ನ? ಲಿಂಗಾಜಿ ಗತಿ ನೋಡ್ಲಿಲ್ವ ನೀನು?"

"ನೋಡ್ದೆ. ಟೀಚರಮ್ಮನ್ನೂ ನೋಡ್ಬಂದೆ."

"ಹಿಂಗಾದ್ರೂ ನನ್ ಕಣ್ಮುಂದೆ ಇರ್ತಾಳಲ್ಲವ್ವ."

"ಇರ್ತಾಳೆ ಕಣೋ. ದಿನಾ ಹುಣಸೇಹಣ್ಣು ಹಾಕಿ ತಿಕ್ತಿಯಾ? ನೀನು ಸತ್ ಮ್ಯಾಕೆ ಯಾರ್ ತಿಕ್ತಾರೆ?"

ಅವನು ಅಳತೊಡಗಿದ. ನನಗೂ ಎದೆಯಲ್ಲಿ ಧೈರ್ಯ ಉಳಿದಿರಲಿಲ್ಲ. ಒಂದು ಕಡೆ ತೊಳೆದ ತಟ್ಟೆಯಂಥ ಮುಖ, ಇನ್ನೊಂದು ಕಡೆ ಬೆಳ್ಳಿ ಕಣ್ಣು. ಯಾವುದನ್ನು ಆರಿಸಲಿ ನಾನು, ಯಾರದೋ ಹೊಟ್ಟೆಯಲ್ಲಿ ಹುಟ್ಟಿ ನನ್ನ ಮನೆಗೆ ಬಂದ ಹೆಣ್ಣಿಗೆ? ಟಂಕಸಾಲೆ ಕಳಿಸಿದ ಮೊದಲ ಡಾಲರು ದೇವರ ಗೂಡಿನಲ್ಲಿ ಪೆಟ್ಟಿಗೆಯೊಳಗೇ ಇತ್ತು. ಅದನ್ನು ತಂದು ಕೆಂಪಾಜಿಯ ಅಂಗೈಯಲ್ಲಿಟ್ಟೆ.

"ನಿನ್ನ ಮೊಕ. ನೀನೇ ಹೇಳು ತಾಯಿ, ಮಡಗ್ಲಾ, ಬುಡ್ಲಾ?"

ಹೊರಗೆ ಕಡಲೆಕಾಯಿ ಗಾಡಿಯವನು ಹಾದುಹೋದ. ಆಮೇಲೆ ಅವಳ ಹೆಬ್ಬೆರಳು ಅಲುಗಿತು. ತುಕ್ಕು ಹಿಡಿದ ಚಿಲಕ ಸರಿದ ಹಾಗೆ ಮೆಲ್ಲಗೆ ಸರಿದು, ನಾಣ್ಯದ ಮುಖದ ಮೇಲೆ ಬಂತು. ನಮ್ಮೂರಲ್ಲಿ ಕೂಸು ಕೂಡ ಮಾಡದ ಕೆಲಸ ಮಾಡಿತು ಆ ಹೆಬ್ಬೆರಳು. ಒತ್ತಿ ಉಜ್ಜಿತು. ಮತ್ತೆ ಉಜ್ಜಿತು. ತೋಪಯ್ಯ ಕಿತ್ತುಕೊಳ್ಳಲು ಮುಂದೆ ಬಿದ್ದ, ನಾನು ಅವನ ಅಂಗಿ ಹಿಡಿದು ಎಳೆದೆ. ನಮ್ಮ ಕಣ್ಣೆದುರಿಗೇ ಅವಳ ಎಡಹುಬ್ಬು ತೆಳುವಾಯಿತು, ಮತ್ತೆ ತೆಳುವಾಯಿತು, ಇಲ್ಲವಾಯಿತು. ಅದರ ಕೆಳಗೆ ಕೆನ್ನೆಗೆ ಬೆಚ್ಚಗೆ ಕೆಂಪು ಹತ್ತಿತು.

"ಬುಡಿ ಅತ್ತೆ" ಅಂದಳು. ಗಂಟಲಲ್ಲಿ ಚಿಲ್ಲರೆ ಅಲುಗಾಡಿಸಿದಂಥ ಧ್ವನಿ.

ತೋಪಯ್ಯ ಅಳುತ್ತಲೇ ಏಣಿ ಹತ್ತಿದ. ಜಾಡಿ ಇಳಿಸಿದ. ನಾನು ಮಡಿಲು ತುಂಬ ಸೊಸೆಯನ್ನು ಕಟ್ಟಿಕೊಂಡು ಪದ್ಮಣ್ಣನ ಅಂಗಡಿಗೆ ಹೋದೆ. ಪದ್ಮಣ್ಣ ಸೊಳ್ಳೆ ಹೊಡೆದರೂ ಪಾಪ ಎನ್ನುವ ಜೈನರವನು. ಒಂದು ಡಾಲರು ಮುಂದೆ ಹಿಡಿದು ಬೆಲ್ಲ ಕೇಳಿದೆ. ಅವನು ಎರಡು ಹೆಜ್ಜೆ ಹಿಂದೆ ಸರಿದ.

"ಸಾಕಮ್ಮ, ಇದು ನಿಮ್ಮ ಸೊಸೆ ಕಣ್ರೀ. ನಾನೇ ಅಲ್ವಾ ಗಲ್ಲಾದಲ್ಲಿ ಹುಡುಕಿ ಹುಡುಕಿ ನಿಮಗೆ ಕೊಟ್ಟಿದ್ದು?"

"ಗೊತ್ತು ಕಣಪ್ಪ. ನಾನೇ ನೋಡಿ ಒಪ್ಪಿ ತಂದ ಮೊಕ, ನಂಗೆ ಗುರ್ತು ಸಿಗಲ್ವಾ? ಬೆಲ್ಲ ತೂಗು."

ಅವನು ಹತ್ತಿಯ ತಟ್ಟೆ ಮುಂದೆ ತಳ್ಳಿದ. ನಾನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ. "ಹಂಗಲ್ಲ. ಕೈಯಾಗೆ ಇಸ್ಕೊ. ಹೆಬ್ಬೆಟ್ಟು ಮ್ಯಾಲಿಡು."

"ನನ್ ಕೈಲಿ ಆಗಲ್ಲಮ್ಮ."

"ಅವ್ಳು ಮನೇಲಿ ಲೋಹ ಆಗ್ತಾವ್ಳೆ ಪದ್ಮಣ್ಣ. ನಿನ್ ಕೈ ಬಿಸಿ ಬೇಕು ಅವ್ಳಿಗೆ."

ಪದ್ಮಣ್ಣ ಕಣ್ಣು ಮುಚ್ಚಿದ. ಅವನ ಹೆಬ್ಬೆರಳು ಮೆಲ್ಲಗೆ ಇಳಿದು ನನ್ನ ಸೊಸೆಯ ಹಣೆಯ ಮೇಲೆ ಕೂತಿತು. ನಾನು ನೋಡಲಾರದೆ ಬೆಲ್ಲದ ಅಚ್ಚುಗಳನ್ನು ನೋಡಿದೆ. ಅಲ್ಲಿಂದ ಬೂತಿಗೆ ಹೋದೆ, ಬೇಡದ ಹಾಲು ಕೊಂಡೆ. ಬಳೆಗಾರನಿಂದ ನನ್ನಂಥ ಬೋಳುಗೈಯವಳು ಬಳೆ ಕೊಂಡೆ, ಅವನು ಬೆಪ್ಪಾಗಿ ನಿಂತ. ಬಸ್ಸು ಹತ್ತಿ ಕಂಡಕ್ಟರನ ಕೈಗೆ ಒತ್ತಿದೆ, ಮುಂದಿನ ನಿಲ್ದಾಣದಲ್ಲಿ ಇಳಿದೆ, ಮತ್ತೊಂದು ಬಸ್ಸು ಹತ್ತಿದೆ. ಎಲ್ಲರಿಗೂ ಅದೇ ಮಾತು ಹೇಳಿದೆ, ಮುಟ್ಟಿ ಈಸಿಕೊಳ್ಳಿ, ಮುಟ್ಟಿ ಕೊಡಿ. ಕೆಲವರು ಕೈ ಹಿಂದಕ್ಕೆ ಕಟ್ಟಿಕೊಂಡರು. ಕೆಲವರು ಮುಟ್ಟಿದ ಮೇಲೆ ಬೆರಳನ್ನು ಸೆರಗಿಗೆ ಒರೆಸಿ ಒರೆಸಿ ಅತ್ತರು. ಪ್ರತಿ ನಾಣ್ಯ ಕೈಬಿಡುವಾಗಲೂ ನಾನು ಅವಳ ಮುಖದಿಂದ ಏನೋ ಕಿತ್ತು ಕೊಡುತ್ತಿದ್ದೇನೆ ಅನ್ನಿಸುತ್ತಿತ್ತು. ಇದು ಮೂಗಿನ ಹೊಳ್ಳೆ, ಇದು ತುಟಿಯ ಅಂಚು, ಇದು ನಕ್ಕಾಗ ಕೆನ್ನೆಯಲ್ಲಿ ಬೀಳುವ ಗುಳಿ.

ಮಡಿಲು ಖಾಲಿಯಾದಾಗ ಮನೆಯ ಕಡೆ ಕಾಲು ಬರಲಿಲ್ಲ. ನಮ್ಮ ಬೀದಿಯ ತಿರುವಿನಲ್ಲಿ ಗೋಡೆ ಹಿಡಿದು ನಿಂತೆ. ತಡವಾಗಿದ್ದರೆ ಅವಳು ಕಂಬವಾಗಿರುತ್ತಾಳೆ. ಜಾಸ್ತಿಯಾಗಿದ್ದರೆ ಅವಳು ಯಾರೆಂದು ನನಗೆ ತಿಳಿಯುವುದಿಲ್ಲ. ಆಗ ಹೊಸಲಿನ ಮೇಲೆ ಒಂದು ಕಾಲು ಕಂಡಿತು. ಎತ್ತಿದ ಕಾಲು. ಅದು ಗಾಳಿಯಲ್ಲಿ ಒಂದು ಗಳಿಗೆ ನಿಂತಿತು, ಆಚೆಗೆ ಇಳಿಯಿತು. ಹಿಂದಿನಿಂದ ಇನ್ನೊಂದು ಕಾಲು ಬಂತು. ಚೀಲ ಬಂತು. ಹುಬ್ಬಿಲ್ಲದ, ಮಬ್ಬಾದ ಮುಖದ ಹೆಂಗಸೊಬ್ಬಳು ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತಳು. ಬೆವರಿದ್ದಳು. ಆ ಬೆವರು ನೋಡಿ ನಾನು ಬೀದಿಯಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟೆ.

ಈಗ ಅವಳು ದಿನಾ ಕೆಲಸಕ್ಕೆ ಹೋಗುತ್ತಾಳೆ. ಸಂಜೆ ಊರನ್ನೆಲ್ಲ ಹೊತ್ತು ತಂದು ನನ್ನ ಮಡಿಲಿಗೆ ಸುರಿಯುತ್ತಾಳೆ. ಜನ ಅವಳ ಡಾಲರನ್ನು ಮುಟ್ಟುತ್ತಾರೆ. ಹೆದರಿಕೊಂಡೇ ಮುಟ್ಟುತ್ತಾರೆ, ಆದರೆ ಮುಟ್ಟುತ್ತಾರೆ. ತೋಪಯ್ಯ ಹೆಂಡತಿ ಮಲಗಿದ ಮೇಲೆ ಅವಳ ಕೆನ್ನೆಗೆ ಕೈ ಇಟ್ಟುಕೊಂಡು ಕೂರುತ್ತಾನೆ, ಮುಖ ನೋಡುವುದಿಲ್ಲ. ಅದನ್ನು ನೋಡುವ ಕೆಲಸ ನನ್ನದು. ಕನ್ನಡಿ ಇನ್ನೂ ಗೋಡೆಯ ಕಡೆಗೇ ತಿರುಗಿದೆಯಲ್ಲ, ಅವಳು ಪ್ರತಿ ಬೆಳಗ್ಗೆ ನನ್ನ ಎದುರು ಕೂತು ತಲೆ ಬಾಚಿಕೊಳ್ಳುತ್ತಾಳೆ.

ಇವತ್ತೂ ಕೂತಿದ್ದಳು. "ಅತ್ತೆ, ಎಷ್ಟು ಉಳ್ದೈತೆ?" ಅಂದಳು. ಮಾತು ಬಂದ ಜಾಗ ಹುಡುಕಲು ನನಗೆ ಒಂದು ಗಳಿಗೆ ಬೇಕಾಯಿತು.

"ಬೇಕಾದಷ್ಟೈತೆ" ಅಂದೆ. "ಆ ಮೂಗು ಸವೀಬೇಕಾದ್ರೆ ಇನ್ನೂ ನಾಕು ಊರಿನ್ ಜನ ಬೇಕು. ಏಳು, ಹೊತ್ತಾಯ್ತು."

ಅವಳು ನಕ್ಕಳೆಂದು ಕಾಣುತ್ತದೆ, ಭುಜ ಅಲುಗಿತು. ಚೀಲ ಹೆಗಲಿಗೇರಿಸಿ, ಹೊಸಲು ದಾಟಿ ಹೊರಟಳು. ನಾನು ಕಂಬ ಹಿಡಿದು ಅವಳು ಬೀದಿ ತಿರುಗುವ ತನಕ ನೋಡುತ್ತಾ ನಿಂತೆ. ಹಿಂದಿನಿಂದ ನೋಡಿದರೆ ಇನ್ನೂ ಪೂರ್ತಿ ಕೆಂಪಾಜಿಯೇ.